ಆಪ್ಷನ್ ಎಂಟ್ರಿ ದಿನ ಮಗ ಮಲಗಿದ್ದ

ಈ ವಾರ ಬಂದ ಒಂದು ಕಾಗದವನ್ನು ಮೂರು ಸಲ ಓದಿದೆ. ಎರಡು ಸಲ ಸಿಟ್ಟು ಬಂತು. ಮೂರನೇ ಸಲ ಅಯ್ಯೋ ಪಾಪ ಅನ್ನಿಸಿತು, ಆದರೆ ಬರೆದವರ ಬಗ್ಗೆ ಅಲ್ಲ.

ಬರೆದವರು ಹಾಸನದ ಒಬ್ಬ ತಾಯಿ. ಮಗನಿಗೆ 19 ವರ್ಷ. ಮೈಸೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಎರಡನೇ ವರ್ಷ, ಹಾಸ್ಟೆಲ್ ವಾಸ. ಗಣಿತವೂ ಸೇರಿ 3 ಸಬ್ಜೆಕ್ಟ್ ಬ್ಯಾಕ್ ಉಳಿದಿವೆ. ಮೆಸ್ ಊಟ ಸೇರುವುದಿಲ್ಲ. ಬೆಳಗ್ಗೆ 6 ಗಂಟೆಗೆ ಇವರೇ ಹಾಸನದಿಂದ ಫೋನ್ ಮಾಡಿ ಎಬ್ಬಿಸಬೇಕು. ಅದಕ್ಕೇ ಮೈಸೂರಿನಲ್ಲಿ ಸಣ್ಣದೊಂದು ಬಾಡಿಗೆ ಮನೆ ಹಿಡಿದು, ಅಡುಗೆ ಮಾಡಿ ಹಾಕಿಕೊಂಡು, ಅವನ ಜೊತೆಗೇ ಇದ್ದುಬಿಡಲಾ ಅಂತ ಕೇಳಿದ್ದಾರೆ. ಯಜಮಾನರು "ನಿನ್ನಿಷ್ಟ" ಅಂದಿದ್ದಾರಂತೆ.

ಬೇಡ. ಮನೆ ಹಿಡಿಯಬೇಡಿ.

ಈ ಅಂಕಣ ಓದುವವರಿಗೆ ನನ್ನ ಹಳೇ ಹಟ ಗೊತ್ತೇ ಇದೆ. ಕುಕ್ಕರಿನಲ್ಲಿ ಅನ್ನ ಇಡಲು ಬಾರದ ಮಕ್ಕಳಿಗೆ ಕಾಲೇಜಿನ ಅರ್ಜಿ ಕೊಡಲೇಬಾರದು. ಆದರೆ ಇವತ್ತು ಅದನ್ನು ಎತ್ತುವುದಿಲ್ಲ. ಮೆಸ್ಸಿನ ನೀರು ಸಾರು ಯಾರನ್ನೂ ಗಣಿತದಲ್ಲಿ ಫೇಲ್ ಮಾಡಿಸಿದ್ದು ನಾನು ಕಂಡಿಲ್ಲ. ನನ್ನ ಕಣ್ಣು ಹೋಗಿದ್ದು ನಿಮ್ಮ ಕಾಗದದ ಎರಡನೇ ಪುಟದ ಕೆಳಗೆ, ಕಂಸದೊಳಗೆ ತುರುಕಿದ ಒಂದು ಸಾಲಿನ ಮೇಲೆ. "ಸಿಇಟಿ ಆಪ್ಷನ್ ಎಂಟ್ರಿಯನ್ನು ನಾನೂ ನನ್ನ ತಮ್ಮನೂ ಕೂತು ಮುಗಿಸಿದೆವು. ಮಗ ಸುಸ್ತಾಗಿ ಮಲಗಿದ್ದ. ಸಿವಿಲ್ ಅಂತ ಏನೋ ಅಂದಿದ್ದ ಅಷ್ಟೇ."

ಅಷ್ಟೇ ಅಂತೆ!

ನೋಡಿ, ಆಪ್ಷನ್ ಎಂಟ್ರಿ ಬರೀ ಫಾರಂ ತುಂಬುವ ಕೆಲಸ ಅಲ್ಲ. ಯಾವ ಕಾಲೇಜು, ಯಾವ ಕೋರ್ಸು, ಯಾವುದು ಮೊದಲು, ಯಾವುದು ಆಮೇಲೆ ಅಂತ ಸಾಲಾಗಿ ಬರೆದುಕೊಡಬೇಕು. ಸಿಇಟಿ ನಡೆಸುವ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು, ಆ ಪಟ್ಟಿಯನ್ನು ನೋಡಿ ಮೊದಲು ಅಣಕು ಸೀಟು ಹಂಚಿಕೆ ಮಾಡುತ್ತಾರೆ. ನಿನ್ನ ರ‍್ಯಾಂಕಿಗೆ, ನಿನ್ನ ಪಟ್ಟಿಗೆ ಇಂಥದ್ದು ಸಿಗಬಹುದು ಅಂತ ತೋರಿಸುತ್ತಾರೆ. ಇಷ್ಟವಾಗಲಿಲ್ಲವಾ? ಪಟ್ಟಿಯನ್ನು ಮೇಲೆ ಕೆಳಗೆ ಮಾಡಬಹುದು, ಹೊಸದು ಸೇರಿಸಬಹುದು, ಬೇಡದ್ದನ್ನು ತೆಗೆಯಬಹುದು. ನಿಜವಾದ ಸೀಟು ಬಂದ ಮೇಲೂ 4 ದಾರಿ ಇರುತ್ತವೆ: ಒಪ್ಪಿ ಸೇರುವುದು, ಒಪ್ಪಿಕೊಂಡೇ ಮುಂದಿನ ಸುತ್ತಿಗೆ ಕಾಯುವುದು, ಬೇಡ ಅಂತ ಹೇಳಿ ಮುಂದಿನ ಸುತ್ತಿಗೆ ಹೋಗುವುದು, ಎಲ್ಲ ಬಿಟ್ಟು ಹೊರಗೆ ಬರುವುದು. ತಪ್ಪು ಮಾಡಿ, ದಂಡ ಕಟ್ಟದೆ ತಿದ್ದಿಕೊಳ್ಳುವ ಇಂಥ ಅವಕಾಶ ಹದಿನೆಂಟರ ಹುಡುಗರಿಗೆ ನಮ್ಮಲ್ಲಿ ಇನ್ನೆಲ್ಲಿದೆ ಹೇಳಿ? ಅದೂ ನಿಮ್ಮ ಮಗನ ನಿದ್ದೆಯಲ್ಲಿ ಕಳೆದುಹೋಯಿತು. ಪರೀಕ್ಷೆ ಅವನದು, ರ‍್ಯಾಂಕ್ ಅವನದು, ಸೀಟು ಮಾತ್ರ ಮಾವನದು. ಮಾವನ ಸೀಟಿಗೆ ಬೆಳಗ್ಗೆ 6ಕ್ಕೆ ಅವನು ಯಾಕೆ ಏಳಬೇಕು?

ನನಗೆ ಸಿಟ್ಟು ಜಾಸ್ತಿ ಇರುವುದು ಈ ತಮ್ಮನ ಮೇಲೆಯೇ. ನೀವು ಹೆದರಿ ಮಾಡಿದಿರಿ, ಅರ್ಥವಾಗುತ್ತದೆ. ಅವರು ಜಂಬಕ್ಕೆ ಮಾಡಿದರು. ಎಲ್ಲ ಮನೆಯಲ್ಲೂ ಇಂಥ ಒಬ್ಬ ಸೋದರಮಾವ ಇರುತ್ತಾರೆ. ಲ್ಯಾಪ್‌ಟಾಪ್ ಹಿಡಿದುಕೊಂಡು ಬರುತ್ತಾರೆ, ಬೆಂಗಳೂರಿನಲ್ಲಿ ಯಾರಿಗೆ ಎಷ್ಟು ಪ್ಯಾಕೇಜ್ ಅಂತ ಹೇಳುತ್ತಾರೆ, ಕಾಫಿ ಕುಡಿದು ಹೋಗುತ್ತಾರೆ. ಬ್ಯಾಕ್ ಬಿದ್ದಾಗ ಅವರು ಫೋನ್ ಎತ್ತಿದರಾ? ಕಾಗದದಲ್ಲಿ ಅದಿಲ್ಲ.

ನೀವು ಮಾಡಬೇಕಾದ್ದು ಒಂದೇ. ಈ ಭಾನುವಾರ ಬಸ್ ಹತ್ತಿ ಮೈಸೂರಿಗೆ ಹೋಗಿ. ಕೋಡುಬಳೆ ಡಬ್ಬಿ ಒಯ್ಯಿರಿ, ನನ್ನ ತಕರಾರಿಲ್ಲ. ಮಗನನ್ನು ಕೂರಿಸಿಕೊಂಡು ಹೇಳಿ: "ಆ ಪಟ್ಟಿ ಮಾಡಿದ್ದು ನಾನು. ನಿನ್ನನ್ನು ಕೇಳದೆ ಮಾಡಿದ್ದು ತಪ್ಪು. ಈಗ ನೀನು ಏನು ಮಾಡಬೇಕು ಅಂತಿದ್ದೀಯ?" ಆಮೇಲೆ ಬಾಯಿ ಮುಚ್ಚಿಕೊಂಡು ಕೂರಿ. ಅವನು "ಗೊತ್ತಿಲ್ಲಮ್ಮ" ಅಂತಾನೆ. ಅಂದರೂ ಸುಮ್ನಿರಿ. ಉತ್ತರ ಸಿಗದಿದ್ದರೂ ಸಂಜೆ ಬಸ್ಸಿಗೆ ವಾಪಸ್ ಬನ್ನಿ. ಆ ಪ್ರಶ್ನೆ ಅವನ ರೂಮಿನಲ್ಲೇ ಇರಲಿ. ಕೋರ್ಸ್ ಮುಂದುವರಿಸುತ್ತಾನೋ, ಬೇರೆ ದಾರಿ ಹುಡುಕುತ್ತಾನೋ, ಬ್ಯಾಕ್ ಪೇಪರಿಗೆ ಫೀಸ್ ಕಟ್ಟುವ ಕೊನೇ ದಿನ ಯಾವತ್ತು ಅಂತ ಆಫೀಸಿನಲ್ಲಿ ವಿಚಾರಿಸುತ್ತಾನೋ, ಅವನೇ ನೋಡಿಕೊಳ್ಳಲಿ.

ಅಂದಹಾಗೆ, ಮಗಳ ಬಗ್ಗೆ ನೀವು ಬರೆದದ್ದು ಒಂದೇ ಮಾತು: "ಸೆಕೆಂಡ್ ಪಿಯುಸಿ, ಅವಳ ಪಾಡಿಗೆ ಅವಳಿದ್ದಾಳೆ." ನೀವು ಮೈಸೂರಿಗೆ ಹೋಗಿ ಕೂತರೆ ಅವಳಿಗೆ ಯಾರು ಅಂತ ನೀವು ಯೋಚಿಸಿದ ಹಾಗೂ ಕಾಣಲಿಲ್ಲ. ಅವಳೂ ಸಿಇಟಿ ಬರೆಯುತ್ತಾಳೆ ತಾನೆ? ಅರ್ಜಿಯಲ್ಲಿ ಅವಳದೇ ಮೊಬೈಲ್ ನಂಬರ್ ಇರಲಿ, ಓಟಿಪಿ ಅವಳಿಗೇ ಬರಲಿ. ಆಪ್ಷನ್ ಎಂಟ್ರಿ ದಿನ ನಿಮ್ಮ ತಮ್ಮ ಬಂದರೆ ನಡುಮನೆಯಲ್ಲಿ ಕೂರಿಸಿ ಕಾಫಿ ಕೊಡಿ, ಜೊತೆಗೆ ಪೇಪರ್ ಕೊಡಿ. ಒಳಗೆ ಅವಳು ಯಾವ ಕಾಲೇಜನ್ನು ಮೊದಲು ಹಾಕಿದಳು ಅಂತ ಇಣುಕಬೇಡಿ. ಅಣಕು ಹಂಚಿಕೆ ಬಂದಾಗ ಅವಳೇ ಬಂದು ತೋರಿಸುತ್ತಾಳೆ.