‘ಬ್ಯಾಂಡ್ ಆಫ್ ಬ್ರದರ್ಸ್’ ತುಂಬಾ ಹಿಡಿಸಿತು, ‘ದಿ ಪೆಸಿಫಿಕ್’ ಮೂರನೇ ಕಂತಿಗೇ ಕೈಬಿಟ್ಟೆ. ತಪ್ಪು ಸರಣಿಯದ್ದೋ, ನನ್ನದೋ?

ತಪ್ಪಿನ ದೊಡ್ಡ ಪಾಲು ಭೂಪಟದ್ದು ಅಂತ ನನ್ನ ಲೆಕ್ಕ.

ಎರಡೂ ಎರಡನೇ ಮಹಾಯುದ್ಧದ ಬಗ್ಗೆ ಅಮೆರಿಕದ ಟಿವಿ ಚಾನೆಲ್ ಎಚ್‌ಬಿಒ ಮಾಡಿದ ಸರಣಿಗಳು. ಎರಡಕ್ಕೂ ಸ್ಪೀಲ್‌ಬರ್ಗ್ ಮತ್ತು ಟಾಮ್ ಹ್ಯಾಂಕ್ಸ್ ನಿರ್ಮಾಪಕರು, ಎರಡರಲ್ಲೂ ಹತ್ತತ್ತು ಕಂತು. ಮೊದಲನೆಯದು 2001ರದ್ದು, ಎರಡನೆಯದು 2010ರದ್ದು. ಹಾಗಾಗಿ ಹೆಚ್ಚಿನವರು ‘ಪೆಸಿಫಿಕ್’ ಅನ್ನು ಮೊದಲನೆಯದರ ಎರಡನೇ ಭಾಗ ಅಂದುಕೊಂಡು ನೋಡಲು ಕೂರುತ್ತಾರೆ. ಎಡವುವುದು ಅಲ್ಲೇ.

‘ಬ್ಯಾಂಡ್ ಆಫ್ ಬ್ರದರ್ಸ್’ ಹೇಳುವ ಯುರೋಪಿನ ಕಥೆಗೆ ಒಂದು ರಸ್ತೆ ಇದೆ. ಅಮೆರಿಕದ 506ನೇ ಪ್ಯಾರಾಶೂಟ್ ರೆಜಿಮೆಂಟಿನ ಈಸಿ ಕಂಪನಿ ಅಂದರೆ ಸುಮಾರು 140 ಜನ. 1944ರ ಜೂನ್ 6ರ ನಸುಕಿನಲ್ಲಿ ಫ್ರಾನ್ಸಿನ ನಾರ್ಮಂಡಿಗೆ ಧುಮುಕಿದವರು ಹಾಲೆಂಡ್, ಬೆಲ್ಜಿಯಂನ ಬಾಸ್ಟೋನ್, ಫ್ರಾನ್ಸಿನ ಹಾಗೆನೌ ದಾಟಿ ಮರುವರ್ಷದ ಮೇ ತಿಂಗಳಿಗೆ ಆಸ್ಟ್ರಿಯಾ ಮುಟ್ಟಿದರು. ಹನ್ನೊಂದು ತಿಂಗಳು, ಒಂದೇ ಗುಂಪು. ಹೆಲ್ಮೆಟ್ ಕೆಳಗಿನ ಮುಖಗಳು ಮೊದಲೆರಡು ಕಂತಿನಲ್ಲಿ ಯಾರಿಗೂ ಗುರುತು ಸಿಗುವುದಿಲ್ಲ, ಆದರೆ ಬಾಸ್ಟೋನ್ ಹೊತ್ತಿಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯವಾಗಿರುತ್ತವೆ. ಮೇಲಾಗಿ ಬಹುಪಾಲು ಕಂತುಗಳು ಒಬ್ಬೊಬ್ಬನ ಕಣ್ಣಿನಿಂದ ಕಂಡ ಕಥೆಗಳು: ಆರನೆಯದು ವೈದ್ಯಕೀಯ ಸಹಾಯಕ ರೋ, ಏಳನೆಯದು ಸಾರ್ಜೆಂಟ್ ಲಿಪ್ಟನ್. ಬರಹಗಾರರು ಜಾಣರು ಹೌದು, ಆದರೆ ನೂಲನ್ನು ಚರಿತ್ರೆಯೇ ನೂತು ಕೊಟ್ಟಿತ್ತು.

ಪೆಸಿಫಿಕ್‌ನಲ್ಲಿ ಆ ನೂಲೇ ಇಲ್ಲ. ಮರೀನ್ ಅಂದರೆ ಹಡಗಿನಿಂದ ದಡಕ್ಕಿಳಿದು ಕಾದುವ ಅಮೆರಿಕದ ಪಡೆ. ಅದರ 1ನೇ ಡಿವಿಷನ್ 1942ರ ಆಗಸ್ಟ್‌ನಲ್ಲಿ ಗ್ವಾಡಲ್‌ಕನಾಲ್ ದ್ವೀಪದಲ್ಲಿ ಇಳಿಯಿತು. ಮುಂದಿನ ಇಳಿತ ಕೇಪ್ ಗ್ಲಾಸ್ಟರ್, 1943ರ ಡಿಸೆಂಬರ್. ಆಮೇಲೆ 1944ರ ಸೆಪ್ಟೆಂಬರ್‌ನಲ್ಲಿ ಪೆಲೆಲಿಯು, 1945ರ ಏಪ್ರಿಲ್‌ನಲ್ಲಿ ಒಕಿನಾವಾ. ನಡುವೆ ಹಡಗು, ಮಲೇರಿಯಾ, ತಿಂಗಳುಗಟ್ಟಲೆ ಕಾಯುವುದು. ಹೀಗಾಗಿ ಒಂದು ಕಂಪನಿಯ ಬದಲು ಮೂವರನ್ನು ಆರಿಸಿಕೊಂಡರು, ಅದೂ ಮೂರು ಬೇರೆ ರೆಜಿಮೆಂಟಿನವರನ್ನು: 1ನೇ ಮರೀನ್ಸ್‌ನ ರಾಬರ್ಟ್ ಲೆಕೀ, 5ನೇ ಮರೀನ್ಸ್‌ನ ಯೂಜೀನ್ ಸ್ಲೆಡ್ಜ್, 7ನೇ ಮರೀನ್ಸ್‌ನ ಜಾನ್ ಬ್ಯಾಸಿಲೋನ್. ಲೆಕೀ ಮತ್ತು ಸ್ಲೆಡ್ಜ್ ಆಮೇಲೆ ತಮ್ಮ ಯುದ್ಧದ ನೆನಪುಗಳನ್ನು ಪುಸ್ತಕವಾಗಿ ಬರೆದರು. ಬ್ಯಾಸಿಲೋನ್ ಬರೆಯಲು ಉಳಿಯಲಿಲ್ಲ.

ಇದರ ಪರಿಣಾಮ ನೋಡಿ. ಸ್ಲೆಡ್ಜ್ ಯುದ್ಧಭೂಮಿಗೆ ಕಾಲಿಡುವುದೇ ಐದನೇ ಕಂತಿನಲ್ಲಿ. ಬ್ಯಾಸಿಲೋನ್ ಎರಡನೆಯದರಲ್ಲಿ ಹೋರಾಡಿ, ಪದಕ ಸಿಕ್ಕಮೇಲೆ ಯುದ್ಧಕ್ಕೆ ಹಣ ಕೂಡಿಸುವ ಬಾಂಡ್ ಮಾರಲು ಅಮೆರಿಕಕ್ಕೆ ಹೋಗಿಬಿಡುತ್ತಾನೆ. ಮೂರನೆಯ ಕಂತು ಪೂರ್ತಿ ಮೆಲ್ಬರ್ನ್, ಗುಂಡಿನ ಸದ್ದೇ ಇಲ್ಲ. ನೀವು ಎದ್ದುಹೋದದ್ದು ಸರಣಿಯ ಅತ್ಯಂತ ಸಡಿಲ ಜಾಗದಲ್ಲಿ.

ಇನ್ನೊಂದು ವ್ಯತ್ಯಾಸವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ: ಗುಂಡಿ. ಬಾಸ್ಟೋನ್ ಕಾಡಿನಲ್ಲಿ ಸೈನಿಕ ನೆಲ ಅಗೆದು ಗುಂಡಿ ತೋಡುತ್ತಾನೆ. ಶೆಲ್ ಮರದ ತುದಿಯಲ್ಲಿ ಸಿಡಿದು ಚೂರು ಮೇಲಿಂದ ಸುರಿಯುತ್ತದೆ, ಚಳಿ ಮೂಳೆ ಕೊರೆಯುತ್ತದೆ, ಆದರೂ ಆ ಗುಂಡಿ ಇಬ್ಬರು ಮೂವರಿಗೆ ಮನೆ ಇದ್ದ ಹಾಗೆ. ಸಿಗರೇಟು ಹಂಚಿಕೊಳ್ಳುವುದು, ಪಿಸುಮಾತು, ಜೋಕು ಎಲ್ಲ ಅಲ್ಲೇ. ನಾಟಕ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಸೆಟ್ ಬೇಕೆ? ಪೆಲೆಲಿಯುವಿನ ನೆಲ ಹವಳದ ಬಂಡೆ, ಸಲಿಕೆ ಇಳಿಯುವುದಿಲ್ಲ. ಬಿಸಿಲು 46 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿತ್ತು. ದಡಕ್ಕೆ ಬಂದ ನೀರು ಸರಿಯಾಗಿ ತೊಳೆಯದ ಎಣ್ಣೆ ಡ್ರಮ್ಮುಗಳದ್ದು, ಕುಡಿದವರು ವಾಂತಿ ಮಾಡಿಕೊಂಡರು. ಅಲ್ಲಿ ಮಾತಿಗೆ ಪುರುಸೊತ್ತಿಲ್ಲ, ಕೂರಲು ಜಾಗವೂ ಇಲ್ಲ. ಗೆಳೆತನ ಮಾತಿನಲ್ಲಿ ಬೆಳೆಯದೆ ಮೌನದಲ್ಲೇ ಬೆಳೆಯಬೇಕು. ರಾಮಿ ಮಲೆಕ್ ಮಾಡಿದ, ಸ್ಲೆಡ್ಜ್‌ನ ಜೊತೆಗಾರ ಸ್ನಾಫುವಿನ ಪಾತ್ರ ಅಷ್ಟು ಕಾಡುವುದು ಅದಕ್ಕೇ.

ಜಪಾನಿ ಸೈನಿಕರಿಗೆ ಮುಖವೇ ಇಲ್ಲ ಎಂಬ ದೂರನ್ನು ನಾನು ಅರ್ಧ ಒಪ್ಪುತ್ತೇನೆ. ಮೊದಲ ಸರಣಿಯ ಕೊನೆಯಲ್ಲಿ ಶರಣಾದ ಜರ್ಮನ್ ಜನರಲ್ ತನ್ನವರಿಗೆ ವಿದಾಯ ಹೇಳುವ ಮಾತು ಈಸಿ ಕಂಪನಿಯವರಿಗೂ ತಾಕುತ್ತದೆ. ಪೆಸಿಫಿಕ್‌ನಲ್ಲಿ ಅಂಥ ದೃಶ್ಯಕ್ಕೆ ಅವಕಾಶವೇ ಕಡಿಮೆ: ಪೆಲೆಲಿಯುವಿನಲ್ಲಿ ಜಪಾನಿನ ಕಡೆ ಹತ್ತು ಸಾವಿರಕ್ಕೂ ಹೆಚ್ಚು ಜನ ಇದ್ದರು, ಸೆರೆ ಸಿಕ್ಕವರು ಸುಮಾರು 200, ಅದರಲ್ಲೂ ಹೆಚ್ಚಿನವರು ಕೂಲಿಗಳು. ಆದರೂ ಆರಂಭದ ಕಂತುಗಳಲ್ಲಿ ಬರಹಗಾರರು ಸ್ವಲ್ಪ ಸೋಮಾರಿತನ ಮಾಡಿದ್ದಾರೆ ಅನ್ನಿಸುತ್ತದೆ. ಒಕಿನಾವಾದ ಒಂಬತ್ತನೇ ಕಂತಿನಲ್ಲಿ ಸಾಮಾನ್ಯ ಜನ ಎದುರಾದಾಗಷ್ಟೇ ಆ ಸಾಲ ತೀರುತ್ತದೆ.

ಈಗ ಮತ್ತೆ ನೋಡುವುದಾದರೆ ಹೀಗೆ ಮಾಡಿ. ಒಂದು, ಎರಡನೇ ಕಂತುಗಳನ್ನು ಒಂದೇ ಸಂಜೆ ಮುಗಿಸಿ. ಯಾರ ಕೈಯಲ್ಲಿ ಯಾವ ಕೋವಿ ಇದೆ ಗಮನಿಸಿ. ಗ್ವಾಡಲ್‌ಕನಾಲ್‌ನಲ್ಲಿ ಮರೀನ್‌ಗಳ ಬಳಿ ಇದ್ದದ್ದು ಹಳೆಯ ಬೋಲ್ಟ್ ಎಳೆಯುವ ಸ್ಪ್ರಿಂಗ್‌ಫೀಲ್ಡ್ ಕೋವಿ. ಅರೆಸ್ವಯಂಚಾಲಿತ ಎಂ1 ಗರಾಂಡ್ ಹಿಡಿದು ಆಮೇಲೆ ಬಂದವರು ಭೂಸೇನೆಯವರು. ಅವರ ಸಾಮಾನಿಗೆ ಮರೀನ್‌ಗಳು ಕೈಹಾಕುವುದು ಯಾಕೆಂದು ಆಗ ಅರ್ಥವಾಗುತ್ತದೆ. ಮೂರು, ನಾಲ್ಕನ್ನು ಸದ್ಯಕ್ಕೆ ಬಿಟ್ಟು 5, 6, 7 ಒಟ್ಟಿಗೆ ನೋಡಿ. ಮೂರೂ ಪೆಲೆಲಿಯುವಿನವು, ಲೆಕೀ ಮತ್ತು ಸ್ಲೆಡ್ಜ್ ಇಬ್ಬರೂ ಒಂದೇ ದ್ವೀಪದಲ್ಲಿ ಇರುವುದರಿಂದ ಸರಣಿ ಮೊದಲ ಸಲ ಬಿಗಿಯಾಗುತ್ತದೆ. ಆಮೇಲೆ ಹಿಂದೆ ಹೋಗಿ ಬಿಟ್ಟದ್ದನ್ನು ನೋಡಿಕೊಳ್ಳಿ, ಮೆಲ್ಬರ್ನ್ ಆಗ ಬೇರೆಯೇ ಕಾಣುತ್ತದೆ. ಎಂಟನೆಯದನ್ನು ಬ್ಯಾಸಿಲೋನ್ ಒಬ್ಬನ ಕಥೆ ಅಂತಲೇ ನೋಡಿ. ಐವೊ ಜಿಮಾ ದ್ವೀಪದ ಕಾಳಗ ಬರುವುದು ಕಂತಿನ ಕೊನೆಗೆ, ಉಳಿದದ್ದು ತರಬೇತಿ ಮತ್ತು ಮದುವೆ.

ಕಂತಿನ ಆರಂಭದಲ್ಲಿ ಬರುವ ಹಳೆಯ ಚಿತ್ರ, ಹ್ಯಾಂಕ್ಸ್ ವಿವರಣೆ ಇವನ್ನು ಹಾರಿಸಬೇಡಿ, ಯಾವ ದ್ವೀಪ, ಯಾಕೆ ಎಂದು ಹೇಳುವುದು ಅಲ್ಲೇ. ರಾತ್ರಿಯ ಕಾಳಗಗಳು ಬಲು ಕತ್ತಲು. ಕೋಣೆಯ ದೀಪ ಆರಿಸಿ, ಟಿವಿಯಲ್ಲಿ ಚಲನೆಯನ್ನು ನುಣುಪು ಮಾಡುವ ‘ಮೋಷನ್ ಸ್ಮೂತಿಂಗ್’ ಆಫ್ ಮಾಡಿ. ಇಲ್ಲದಿದ್ದರೆ ಸಿಡಿತದ ದೃಶ್ಯಗಳು ಧಾರಾವಾಹಿಯ ಹಾಗೆ ನುಣ್ಣಗೆ ಕಾಣುತ್ತವೆ.

ಎರಡನ್ನೂ ಚರಿತ್ರೆ ಅಂತ ಕಣ್ಣುಮುಚ್ಚಿ ನಂಬಬೇಡಿ. ಮೊದಲನೆಯದರ ಮೂರನೇ ಕಂತು ಈಸಿ ಕಂಪನಿಯ ಬ್ಲೈದ್ ಎಂಬ ಸೈನಿಕ 1948ರಲ್ಲಿ ತೀರಿಕೊಂಡ ಅನ್ನುತ್ತದೆ. ನಿಜಕ್ಕೂ ಆತ ಸೇನೆಯಲ್ಲೇ ಮುಂದುವರಿದು 1967ರಲ್ಲಿ ತೀರಿಕೊಂಡ. ‘ಪೆಸಿಫಿಕ್’ನಲ್ಲಿ ಹೆಣದ ಚಿನ್ನದ ಹಲ್ಲು ಕೀಳಬೇಡ, ರೋಗಾಣು ಇರುತ್ತವೆ ಅಂತ ಸ್ಲೆಡ್ಜ್‌ನನ್ನು ತಡೆಯುವವನು ಸ್ನಾಫು. ಸ್ಲೆಡ್ಜ್ ಬರೆದ ಪುಸ್ತಕದಲ್ಲಿ ಆ ಮಾತು ವೈದ್ಯಕೀಯ ಸಹಾಯಕನದ್ದು. ಈ ಬದಲಾವಣೆ ನನಗೆ ತಪ್ಪು ಅನ್ನಿಸುವುದಿಲ್ಲ. ಅಷ್ಟು ಹೊತ್ತಿಗೆ ತಾನೇ ಹಲ್ಲು ಕೀಳುತ್ತಿದ್ದ ಸ್ನಾಫು ಬಾಯಲ್ಲಿ ಅದು ಇನ್ನೂ ಭಾರವಾಗಿ ಕೇಳುತ್ತದೆ.

ಜಪಾನಿನ ವಿರುದ್ಧದ ಯುದ್ಧ ಅಂದರೆ ಬರೀ ದ್ವೀಪ, ಬರೀ ಅಮೆರಿಕನ್ನರು ಅಂತ ಈ ಸರಣಿ ನೋಡಿದವರಿಗೆ ಅನ್ನಿಸಿಬಿಡಬಹುದು. ಅದೇ ಶತ್ರುವನ್ನು 1944ರಲ್ಲಿ ಇಂಫಾಲ, ಕೊಹಿಮಾದಲ್ಲಿ ತಡೆದದ್ದು ಬ್ರಿಟಿಷ್ ಮತ್ತು ಭಾರತೀಯ ಪಡೆಗಳು. ನಮ್ಮ ಕೊಡಗಿನ ತಿಮ್ಮಯ್ಯ 1945ರ ಆರಂಭದಲ್ಲಿ ಬರ್ಮಾದ ಕಂಗಾವ್‌ನಲ್ಲಿ ಬೆಟಾಲಿಯನ್ ನಡೆಸಿದ್ದೂ ಅವರ ಎದುರೇ. ಅದಕ್ಕೆ ಹತ್ತು ಕಂತು ಕೊಡುವವರು ಇನ್ನೂ ಹುಟ್ಟಿಲ್ಲ.

ಹಾಂ, ಹತ್ತನೇ ಕಂತು ಮುಗಿದ ತಕ್ಷಣ ರಿಮೋಟ್ ಒತ್ತಬೇಡಿ. ನಟರ ಮುಖದ ಜೊತೆಗೆ ನಿಜವಾದವರ ಫೋಟೊಗಳು ಬರುವುದು ಅಲ್ಲೇ.