ಮಾಲೀಕರ ಮೇಲೇ ದೂರು ಇದ್ದರೆ ಎಲ್ಲಿ ಕೊಡೋದು?

ಎಂಟೇ ಜನರ ಆಫೀಸು, ಲೈಂಗಿಕ ಕಿರುಕುಳ ಕೊಡೋದು ಮಾಲೀಕರೇ, ಯಾರಿಗೆ ದೂರು ಕೊಡಲಿ ಅಂತ ಕೇಳಿದ್ದೀರಿ ಮೇಡಂ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ 10ಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ದೂರು ಮಾಲೀಕರ ಮೇಲೇ ಇದ್ದರೆ, ಇಂಥ ದೂರು ವಿಚಾರಿಸುವ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು. ವಿಳಾಸ ಡಿಸಿ ಆಫೀಸಿನಲ್ಲಿ ವಿಚಾರಿಸಿ. ಕೇಂದ್ರ ಸರ್ಕಾರದ ಆನ್‌ಲೈನ್ ದೂರು ತಾಣ ಶಿ-ಬಾಕ್ಸ್ (SHe-Box) ಪೋರ್ಟಲ್‌ನಲ್ಲೂ ಹಾಕಬಹುದು.

ಲಿಖಿತ ದೂರು, 6 ಪ್ರತಿ, ಜೊತೆಗೆ ದಾಖಲೆ, ಸಾಕ್ಷಿಗಳ ಹೆಸರು-ವಿಳಾಸ. ಬಹಳ ಜನ ಎಡವೋದು ಗಡುವಿನಲ್ಲಿ: ಕೊನೆಯ ಘಟನೆಯಿಂದ 3 ತಿಂಗಳು. ತಡವಾಗಿದ್ದರೆ ಕಾರಣ ಬರೆಯಿರಿ, ಸಮಿತಿ ಇನ್ನೂ 3 ತಿಂಗಳವರೆಗೆ ವಿಸ್ತರಿಸಬಹುದು. ‘ಅಸಭ್ಯವಾಗಿ ವರ್ತಿಸಿದರು’ ಅಂತಷ್ಟೇ ಬರೆದರೆ ದೂರು ಸಡಿಲ; ದಿನಾಂಕ, ಹೊತ್ತು, ಆಡಿದ ಮಾತು ಇದ್ದ ಹಾಗೇ ಇರಲಿ (ಮುಜುಗರ ಆದರೂ ಸರಿ). ಸ್ಕ್ರೀನ್‌ಶಾಟ್ ತೆಗೆದಿದ್ದೇನಲ್ಲ ಅಂತ ಮೂಲ ವಾಟ್ಸ್ಆ್ಯಪ್ ಚಾಟ್ ಅಳಿಸಬೇಡಿ.

ವಿಚಾರಣೆ ನಡೆಯುವಾಗ 3 ತಿಂಗಳವರೆಗೆ ರಜೆ ಕೇಳಬಹುದು. ಅದು ನಿಮ್ಮ ಮಾಮೂಲಿ ರಜೆ ಬಿಟ್ಟು ಹೆಚ್ಚುವರಿ. ದುಡ್ಡಿನ ರಾಜಿಗೆ ಕರೆದರೆ ಹೋಗಬೇಡಿ, ಕಾಯ್ದೆಯೇ ಅದನ್ನು ಒಪ್ಪಲ್ಲ.