10 ಮೆಗಾಹರ್ಟ್ಸ್ ಓಸಿಎಕ್ಸ್‌ಓದ (ಬಿಸಿ ಸ್ಥಿರವಾಗಿಟ್ಟ ಪುಟ್ಟ ಒಲೆಯೊಳಗಿನ ಸ್ಫಟಿಕ ಆಸಿಲೇಟರ್) ಫೇಸ್ ನಾಯ್ಸ್ (ಅಲೆಯ ಹಂತದ ಸಣ್ಣ ಅಲುಗಾಟ) ಮನೆಯ ಬೆಂಚಿನ ಮೇಲೆ ಅಳೆಯಲು ಆಗುತ್ತದೆಯೇ?

ಆಗುತ್ತದೆ, ಆದರೆ ಸ್ಪೆಕ್ಟ್ರಮ್ ಅನಲೈಸರ್‌ನಿಂದಲ್ಲ. ಡೇಟಾಶೀಟು 10 ಕಿಲೋಹರ್ಟ್ಸ್ ಆಫ್‌ಸೆಟ್ಟಿನಲ್ಲಿ (ಮುಖ್ಯ ಸಿಗ್ನಲ್, ಅಂದರೆ ಕ್ಯಾರಿಯರಿನಿಂದ ಅಷ್ಟು ದೂರದಲ್ಲಿ) −165 ಡಿಬಿಸಿ/ಹರ್ಟ್ಸ್ (ಕ್ಯಾರಿಯರಿಗೆ ಹೋಲಿಸಿ, 1 ಹರ್ಟ್ಸ್ ಅಗಲದಲ್ಲಿನ ನಾಯ್ಸ್) ಅಂದರೂ ಅನಲೈಸರ್ −130 ತೋರಿಸಬಹುದು. ಆ −130 ಅನಲೈಸರ್ ಒಳಗಿನ ಲೋಕಲ್ ಆಸಿಲೇಟರಿನದು. ಇಷ್ಟು ಕೆಳಗೆ ಇಳಿಯಬೇಕಾದರೆ ಮೊದಲು ಕ್ಯಾರಿಯರನ್ನೇ ತೆಗೆದುಹಾಕಬೇಕು.

ಅದೇ ಮಾದರಿಯ ಇನ್ನೊಂದು ಓಸಿಎಕ್ಸ್‌ಓ ತನ್ನಿ. ಎರಡನ್ನೂ +7 ಡಿಬಿಎಂನಲ್ಲಿ ಎಡಿಇ-1 ತರಹದ ಡಬಲ್ ಬ್ಯಾಲನ್ಸ್ಡ್ ಮಿಕ್ಸರಿಗೆ (ಎರಡು ಸಿಗ್ನಲ್‌ಗಳನ್ನು ಗುಣಿಸುವ ಭಾಗ) ಕೊಡಿ. ಮಿಕ್ಸರಿನ ಔಟ್‌ಪುಟ್ಟನ್ನು ಇಂಟಿಗ್ರೇಟರ್ ಮೂಲಕ ಒಂದರ ಟ್ಯೂನಿಂಗ್ ಪಿನ್ನಿಗೆ ಕೊಟ್ಟು, ಎರಡೂ 90 ಡಿಗ್ರಿ ಅಂತರದಲ್ಲಿ ಲಾಕ್ ಆಗುವಂತೆ ಮಾಡಿ. ಆಗ ಕ್ಯಾರಿಯರ್ ಹೋಗಿ, ಎರಡರ ಫೇಸ್ ವ್ಯತ್ಯಾಸ ಮಾತ್ರ ಮಿಕ್ಸರಿನಿಂದ ವೋಲ್ಟೇಜಾಗಿ ಬರುತ್ತದೆ. ಆ ಔಟ್‌ಪುಟ್ಟಿನ ಡಿಸಿ ಸೊನ್ನೆಯಲ್ಲೇ ನಿಲ್ಲಬೇಕು, ಸರಿದರೆ ಎಎಂ ನಾಯ್ಸ್ (ಅಲೆಯ ಎತ್ತರದ ಅಲುಗಾಟ) ಕೂಡ ನುಸುಳುತ್ತದೆ. ಈ ಲಾಕ್ ಮಾಡುವ ಲೂಪಿನ ಬ್ಯಾಂಡ್‌ವಿಡ್ತ್ 1 ಹರ್ಟ್ಸ್ ಸಾಕು. ಅದರೊಳಗಿನ ನಾಯ್ಸನ್ನು ಲೂಪೇ ಅಳಿಸಿಬಿಡುವುದರಿಂದ 10 ಹರ್ಟ್ಸಿಗಿಂತ ಕೆಳಗಿನ ರೀಡಿಂಗ್ ಲೆಕ್ಕಕ್ಕೆ ಬೇಡ.

ಮಿಕ್ಸರಿನ ಔಟ್‌ಪುಟ್ಟಿನಲ್ಲಿ 51 ಓಂ ಮತ್ತು 1 ನ್ಯಾನೋಫ್ಯಾರಡ್ ಸರಣಿಯಾಗಿ ಗ್ರೌಂಡಿಗೆ, ಮುಂದಕ್ಕೆ 100 ಮೈಕ್ರೋಹೆನ್ರಿ ಇಂಡಕ್ಟರ್. ಎರಡು ಸಿಗ್ನಲ್‌ಗಳ ಮೊತ್ತವಾದ 20 ಮೆಗಾಹರ್ಟ್ಸ್ ಅಲ್ಲೇ ಕೊನೆಯಾಗುತ್ತದೆ, ಆಡಿಯೋ ಮಟ್ಟದ ಸಿಗ್ನಲ್‌ಗೆ ಲೋಡ್ ಬೀಳುವುದಿಲ್ಲ.

ಹೆಚ್ಚಿನವರು ಎಡವುವುದು ಕ್ಯಾಲಿಬ್ರೇಶನ್ನಿನಲ್ಲಿ, ಅಂದರೆ ಒಂದು ರೇಡಿಯನ್ ಫೇಸ್‌ಗೆ ಎಷ್ಟು ವೋಲ್ಟ್ ಎಂದು ಕಂಡುಕೊಳ್ಳುವುದರಲ್ಲಿ. ಲಾಕ್ ಬಿಡಿಸಿ, ಟ್ಯೂನಿಂಗ್ ಸರಿಸಿ 5 ಹರ್ಟ್ಸ್ ಬೀಟ್ (ಎರಡರ ಆವರ್ತನದ ವ್ಯತ್ಯಾಸದ ಅಲೆ) ಬರುವಂತೆ ಮಾಡಿ, ಸ್ಕೋಪಿನಲ್ಲಿ ನೋಡಿ. ಸ್ಯಾಚುರೇಟ್ ಆದ ಮಿಕ್ಸರಿನ ಬೀಟ್ ಸೈನ್ ಆಗಿರದೆ ತ್ರಿಕೋನದ ಹತ್ತಿರ ಇರುತ್ತದೆ, ಹಾಗಾಗಿ ಪೀಕ್ ವೋಲ್ಟೇಜ್ ನೋಡಿದರೆ ತಪ್ಪುತ್ತದೆ. ಸೊನ್ನೆ ದಾಟುವಲ್ಲಿನ ಇಳಿಜಾರು ಬೇಕು. ಅದು ಸೆಕೆಂಡಿಗೆ 10 ವೋಲ್ಟ್ ಇದ್ದರೆ, 2π × 5ರಿಂದ ಭಾಗಿಸಿ: ರೇಡಿಯನ್‌ಗೆ 0.32 ವೋಲ್ಟ್. ಇದೇ ಬೀಟ್ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಅಲೆ ಒಂದು ಕಡೆ ತಡೆದು ನಿಂತು, ಇನ್ನೊಂದು ಕಡೆ ಜಿಗಿದಂತೆ ಓರೆಯಾಗಿದ್ದರೆ ಎರಡು ಆಸಿಲೇಟರ್‌ಗಳು ಒಂದನ್ನೊಂದು ಎಳೆಯುತ್ತಿವೆ. ಪ್ರತಿಯೊಂದಕ್ಕೂ ಐಸೊಲೇಶನ್ ಆಂಪ್ಲಿಫೈಯರ್ ಹಾಕದೆ ಮುಂದೆ ಹೋಗಬೇಡಿ.

ಮಿಕ್ಸರಿನ ನಂತರದ ಪ್ರಿಆಂಪ್ (ಸಣ್ಣ ಸಿಗ್ನಲ್ ಹಿಗ್ಗಿಸುವ ಭಾಗ) ಯಾಕೆ ಮುಖ್ಯ ಅಂದರೆ, ಎರಡೂ ಆಸಿಲೇಟರ್ −165 ಇದ್ದಾಗ ಮಿಕ್ಸರ್ ಕೊಡುವುದು ಬರೀ 3.6 ನ್ಯಾನೋವೋಲ್ಟ್/√ಹರ್ಟ್ಸ್. ಸ್ವಂತ ನಾಯ್ಸ್ 18 ನ್ಯಾನೋವೋಲ್ಟ್ ಇರುವ ಟಿಎಲ್072 ಆಪ್‌ಆಂಪ್ ಹಾಕಿದರೆ −151ರಿಂದ ಕೆಳಗೆ ಏನೂ ಕಾಣದು. ಎಡಿ797 (0.9 ನ್ಯಾನೋವೋಲ್ಟ್) ಜೊತೆ 50 ಓಂನ ಥರ್ಮಲ್ ನಾಯ್ಸ್ ಸೇರಿಸಿದರೂ 1.3 ನ್ಯಾನೋವೋಲ್ಟಿನ ಸುತ್ತ, ಅಂದರೆ −174. 60 ಡಿಬಿ ಗೇನ್ ಇಟ್ಟು 24 ಬಿಟ್, 192 ಕಿಲೋಹರ್ಟ್ಸ್ ಸೌಂಡ್ ಕಾರ್ಡಿಗೆ ಕೊಡಿ. 65536 ಬಿಂದುಗಳ ಎಫ್‌ಎಫ್‌ಟಿ (ಸಿಗ್ನಲ್ಲನ್ನು ಬಿನ್ ಎಂಬ ಆವರ್ತನದ ತುಂಡುಗಳಾಗಿ ಬಿಡಿಸುವ ಲೆಕ್ಕ), ಹ್ಯಾನ್ ವಿಂಡೋ ಆದರೆ ಒಂದು ಬಿನ್ನಿನ ನಾಯ್ಸ್ ಬ್ಯಾಂಡ್‌ವಿಡ್ತ್ 4.4 ಹರ್ಟ್ಸ್, 1 ಹರ್ಟ್ಸಿಗೆ ಇಳಿಸಲು 6.4 ಡಿಬಿ ಕಳೆಯಿರಿ. ಗೇನನ್ನೂ ಕಳೆದು, ರೇಡಿಯನ್‌ಗೆ ತಂದ ಮೇಲೆ ಇನ್ನೂ 6 ಡಿಬಿ ಹೋಗಬೇಕು: 3 ಡಿಬಿ ಒಂದೇ ಸೈಡ್‌ಬ್ಯಾಂಡಿಗೆ, 3 ಡಿಬಿ ಎರಡು ಆಸಿಲೇಟರ್ ಸಮ ಎಂಬ ಊಹೆಗೆ. ಸಮ ಇಲ್ಲ ಅನ್ನಿಸಿದರೆ ಮೂರನೆಯದನ್ನು ತಂದು ಜೋಡಿ ಜೋಡಿಯಾಗಿ ಅಳೆದು ಬಿಡಿಸಿಕೊಳ್ಳಬಹುದು.

ಯಾವ ಸಂಖ್ಯೆಯನ್ನೂ ನಂಬುವ ಮೊದಲು ಸೆಟಪ್ಪಿನ ಸ್ವಂತ ನಾಯ್ಸ್ ಫ್ಲೋರ್ (ಅದಕ್ಕಿಂತ ಕೆಳಗೆ ಅಳೆಯಲಾಗದ ಮಟ್ಟ) ನೋಡಲೇಬೇಕು. ಒಂದೇ ಓಸಿಎಕ್ಸ್‌ಓವನ್ನು ಸ್ಪ್ಲಿಟರಿನಿಂದ ಎರಡಾಗಿಸಿ, ಒಂದು ಕವಲಿಗೆ 5 ಮೀಟರ್ ಆರ್‌ಜಿ-58 ಹಾಕಿ. ಅದು ಸುಮಾರು 25 ನ್ಯಾನೋಸೆಕೆಂಡ್ ತಡ, 10 ಮೆಗಾಹರ್ಟ್ಸಿನಲ್ಲಿ ಹೆಚ್ಚುಕಡಿಮೆ 90 ಡಿಗ್ರಿ. ಎರಡೂ ಕಡೆ ಒಂದೇ ನಾಯ್ಸ್ ಇರುವುದರಿಂದ ಅದು ರದ್ದಾಗಿ, ಉಳಿದದ್ದು ಮಿಕ್ಸರ್ ಮತ್ತು ಪ್ರಿಆಂಪಿನದು. 50, 100, 150 ಹರ್ಟ್ಸಿನಲ್ಲಿ ಗೆರೆಗಳು ಎದ್ದರೆ ಪ್ರಿಆಂಪನ್ನು ಬ್ಯಾಟರಿಗೆ ಹಾಕಿ, ಟ್ರಾನ್ಸ್‌ಫಾರ್ಮರನ್ನು ದೂರ ಇಡಿ.

−174 ಸಾಲದಿದ್ದರೆ ಕ್ರಾಸ್ ಕೋರಿಲೇಶನ್: ಅಳೆಯುವ ಆಸಿಲೇಟರನ್ನು ಸ್ಪ್ಲಿಟ್ ಮಾಡಿ, ಬೇರೆ ಬೇರೆ ರೆಫರೆನ್ಸ್, ಮಿಕ್ಸರ್, ಪ್ರಿಆಂಪ್ ಇರುವ ಎರಡು ಚಾನಲ್‌ಗಳಿಗೆ ಕೊಡುವುದು. ಚಾನಲ್‌ಗಳ ನಾಯ್ಸ್ 5 ಲಾಗ್ ಎನ್ ಡಿಬಿ ಲೆಕ್ಕದಲ್ಲಿ ಇಳಿಯುತ್ತದೆ (ಎನ್ ಅಂದರೆ ಆವರೇಜ್‌ಗಳ ಸಂಖ್ಯೆ). 20 ಡಿಬಿಗೆ 10,000 ಆವರೇಜ್ ಬೇಕು, ಒಂದೊಂದು ಸೆಕೆಂಡಿನದಾದರೆ ಸುಮಾರು 2 ಗಂಟೆ 47 ನಿಮಿಷ. ಆದರೆ ಸ್ಪ್ಲಿಟರಿನೊಳಗಿನ ರೆಸಿಸ್ಟರಿನ ಥರ್ಮಲ್ ನಾಯ್ಸ್ ಎರಡು ಚಾನಲ್‌ಗಳಿಗೆ ವಿರುದ್ಧ ಚಿಹ್ನೆಯಲ್ಲಿ ಹೋಗಿ, ನಿಜವಾದ ನಾಯ್ಸನ್ನೇ ತಿಂದುಹಾಕಬಲ್ಲದು. ಪ್ಲಾಟಿನಲ್ಲಿ ಕಾರಣವಿಲ್ಲದೆ ಆಳದ ಗುಂಡಿ ಕಂಡರೆ ಕ್ರಾಸ್ ಸ್ಪೆಕ್ಟ್ರಮ್ಮಿನ ರಿಯಲ್ ಭಾಗದ ಚಿಹ್ನೆ ನೋಡಿ. ಗುಂಡಿಯ ಹತ್ತಿರ ಅದು ಪ್ಲಸ್‌ನಿಂದ ಮೈನಸ್‌ಗೆ ತಿರುಗಿದ್ದರೆ ಆ ಭಾಗದ ರೀಡಿಂಗನ್ನು ಬಿಟ್ಟುಬಿಡಿ.